ಅಪ್ಪನ ಡೈರಿಯಲ್ಲಿರುವ ಬೇಸ್‌ಬಾಲ್ ಆಟ ಯಾವುದು? ಓಕ್ಲೆಂಡ್ ಸ್ಟೇಡಿಯಂ ಗೊತ್ತಿರುವವರು ದಯವಿಟ್ಟು ಹೇಳಿ

ಮಲ್ಲಿಗೆ_ಫ್ರೀಮಾಂಟ್

ಎಲ್ಲರಿಗೂ ನಮಸ್ಕಾರ. ನಾನು ಫ್ರೀಮಾಂಟ್‌ಗೆ ಬಂದು ಎರಡು ವರ್ಷ ಆಯ್ತು. ಬೇಸ್‌ಬಾಲ್ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಆದರೂ ಇಲ್ಲಿ ಕೇಳುವುದಕ್ಕೆ ಒಂದು ಕಾರಣ ಇದೆ.

ಕಳೆದ ತಿಂಗಳು ಮೈಸೂರಿನಿಂದ ಅಮ್ಮ ಬಂದರು. ಬರುವಾಗ ಅಪ್ಪನ ಹಳೆಯ ಡೈರಿ ತಂದರು. ಅಪ್ಪ ತೀರಿಕೊಂಡು ಆರು ವರ್ಷ ಆಯ್ತು. ಅವರು ಅಮೆರಿಕಕ್ಕೆ ಬಂದದ್ದು ಒಂದೇ ಸಲ, ಆಫೀಸ್ ಕೆಲಸದ ಮೇಲೆ ಮೂರು ತಿಂಗಳು. ನಾನಾಗ ಕೈಗೂಸು. ಡೈರಿಯ ಮೊದಲ ಪುಟಗಳನ್ನು ಗೆದ್ದಲು ತಿಂದಿದೆ, ಯಾವ ವರ್ಷ ಅಂತ ಗೊತ್ತಾಗುತ್ತಿಲ್ಲ. ಒಂದು ಪುಟದಲ್ಲಿ ಹೀಗೆ ಬರೆದಿದ್ದಾರೆ:

"ಬುಧವಾರ. ಮಧ್ಯಾಹ್ನ ಆಫೀಸಿನವರು ಓಕ್ಲೆಂಡ್‌ಗೆ ಬೇಸ್‌ಬಾಲ್ ನೋಡಲು ಕರೆದುಕೊಂಡು ಹೋದರು. ಎದುರಿಗೇ ಬೆಟ್ಟ. ಚಾಮುಂಡಿ ಬೆಟ್ಟದ ನೆನಪಾಯಿತು. ಆಟ ಅರ್ಥವಾಗಲಿಲ್ಲ. ಒಬ್ಬ ಓಡಿ ಬಂದು ನೆಲಕ್ಕೆ ಬಿದ್ದು, ಅಲ್ಲಿದ್ದ ಬಿಳಿ ದಿಂಬನ್ನೇ ಕಿತ್ತು ತಲೆಯ ಮೇಲೆ ಎತ್ತಿ ಹಿಡಿದ. ಜನ ಎಲ್ಲ ಎದ್ದು ನಿಂತರು. ನಾನೂ ನಿಂತೆ."

ಇದು ಯಾವ ಆಟ ಅಂತ ಯಾರಿಗಾದರೂ ಗೊತ್ತಾ? ಆ ಸ್ಟೇಡಿಯಂ ಇನ್ನೂ ಇದೆಯಾ? ಅಮ್ಮನನ್ನು ಅಲ್ಲಿಗೆ ಒಂದು ಸಲ ಕರೆದುಕೊಂಡು ಹೋಗುವ ಆಸೆ.

ಹಸಿರುಹಳದಿ

ಮೇಡಂ, ನಿಮ್ಮ ಪೋಸ್ಟ್ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ನಿಮ್ಮ ತಂದೆಯವರು ನೋಡಿದ್ದು ಎಂಥ ದಿನ ಗೊತ್ತಾ? 1991ರ ಮೇ 1. ಬುಧವಾರ. ಓಕ್ಲೆಂಡ್ ಏಸ್ (ಪೂರ್ತಿ ಹೆಸರು ಅಥ್ಲೆಟಿಕ್ಸ್) ಮತ್ತು ನ್ಯೂಯಾರ್ಕ್ ಯಾಂಕೀಸ್ ನಡುವಿನ ಆಟ. ಆ ದಿಂಬು ಮೂರನೇ ಬೇಸ್. ಅದನ್ನು ಎತ್ತಿ ಹಿಡಿದವನು ರಿಕಿ ಹೆಂಡರ್ಸನ್.

ಆಟ ಗೊತ್ತಿಲ್ಲ ಅಂದಿರಿ, ಅದಕ್ಕೆ ಬಿಡಿಸಿ ಹೇಳುತ್ತೇನೆ. ಬೇಸ್‌ಬಾಲ್‌ನಲ್ಲಿ ಓಟಗಾರ ಒಂದು ಬೇಸಿನ ಮೇಲೆ ನಿಂತು ಪಿಚರ್‌ನನ್ನೇ ನೋಡುತ್ತಿರುತ್ತಾನೆ. ಪಿಚರ್ ಚೆಂಡು ಎಸೆಯಲು ಹೊರಟ ಕ್ಷಣವೇ ಇವನು ಮುಂದಿನ ಬೇಸಿಗೆ ಓಡುತ್ತಾನೆ. ಕ್ಯಾಚರ್ ಚೆಂಡು ಹಿಡಿದು ಆ ಬೇಸಿಗೆ ಎಸೆಯುವುದರೊಳಗೆ ಇವನು ಜಾರಿಕೊಂಡು ಹೋಗಿ ಮುಟ್ಟಬೇಕು. ಇದಕ್ಕೆ ಬೇಸ್ ಕದಿಯೋದು ಅಂತಾರೆ. ಲೂ ಬ್ರಾಕ್ ಅನ್ನುವ ಆಟಗಾರ ಇಡೀ ವೃತ್ತಿಜೀವನದಲ್ಲಿ 938 ಸಲ ಕದ್ದಿದ್ದ. ಅವತ್ತು ರಿಕಿ ಕದ್ದದ್ದು 939ನೆಯದು. ಬ್ರಾಕ್ ಕೂಡ ಅದನ್ನು ನೋಡಲು ಮೈದಾನಕ್ಕೇ ಬಂದಿದ್ದರು. ರಿಕಿ ಅಲ್ಲಿಗೆ ನಿಲ್ಲಲಿಲ್ಲ, ಆಟ ಬಿಡುವ ಹೊತ್ತಿಗೆ ಲೆಕ್ಕ 1,406 ಆಗಿತ್ತು. ಇವತ್ತಿಗೂ ಅದರ ಹತ್ತಿರ ಯಾರೂ ಇಲ್ಲ.

ಇನ್ನೊಂದು ಮಾತು. ರಿಕಿ ಬೆಳೆದದ್ದು ಓಕ್ಲೆಂಡ್‌ನಲ್ಲೇ, ಅಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲೇ ಆಡಿದವನು. ತನ್ನ ಊರಿನ ಜನರ ಎದುರೇ ಆ ದಾಖಲೆ ಮಾಡಿದ. ಅದಕ್ಕೇ ಜನ ಹಾಗೆ ಎದ್ದು ನಿಂತದ್ದು. 2024ರ ಡಿಸೆಂಬರ್ 20ರಂದು ತೀರಿಕೊಂಡ. ಅವನ ಹುಟ್ಟುಹಬ್ಬ ಡಿಸೆಂಬರ್ 25. ಇನ್ನು ಐದು ದಿನ ಕಳೆದಿದ್ದರೆ 66 ತುಂಬುತ್ತಿತ್ತು.

ಸ್ಟೇಡಿಯಂ ಇನ್ನೂ ನಿಂತಿದೆ. ತಂಡ ಮಾತ್ರ ಅಲ್ಲಿಲ್ಲ.

ಮಲ್ಲಿಗೆ_ಫ್ರೀಮಾಂಟ್

ಸರ್, ಅಮ್ಮನಿಗೆ ಓದಿ ಹೇಳಿದೆ. ಅವರು ಕಣ್ಣು ಒರೆಸಿಕೊಂಡು, "ವಾಪಸ್ ಬಂದ ಮೇಲೆ ದಿಂಬು ಎತ್ತಿ ಎತ್ತಿ ತೋರಿಸುತ್ತಿದ್ದರು, ನಾನು ನಂಬಿರಲಿಲ್ಲ" ಅಂದರು. ತುಂಬ ತುಂಬ ಧನ್ಯವಾದ.

ಒಂದು ಅನುಮಾನ. ಸ್ಟೇಡಿಯಂ ಫೋಟೊ ಹುಡುಕಿ ನೋಡಿದೆ. ಎದುರಿಗೆ ಬೆಟ್ಟ ಎಲ್ಲೂ ಕಾಣುತ್ತಿಲ್ಲ. ಸುತ್ತಲೂ ಗೋಡೆ ಥರ ಕಾಂಕ್ರೀಟ್ ಇದೆ. ಅಪ್ಪ ಬೇರೆ ಕಡೆ ಹೋಗಿದ್ದರಾ?

ಬಲಗಡೆ_ಗ್ಯಾಲರಿ

ಇಲ್ಲ ಅಕ್ಕ, ಅದೇ ಸ್ಟೇಡಿಯಂ! ಬೆಟ್ಟ ಕಾಣುತ್ತಿತ್ತು ಅನ್ನೋದೇ ಅದಕ್ಕೆ ಸಾಕ್ಷಿ.

ಆ ಸ್ಟೇಡಿಯಂ ಹೆಸರು ಕೊಲಿಸಿಯಂ. ಅಲ್ಲಿ ಹೋಮ್ ಪ್ಲೇಟ್, ಅಂದರೆ ಬ್ಯಾಟರ್ ನಿಲ್ಲುವ ಜಾಗ, ಅದರ ಹಿಂದೆ ಕೂತರೆ ನೋಟ ಪೂರ್ವದ ಕಡೆಗೆ. ಮೊದಲು ಆ ಕಡೆ ಎತ್ತರದ ಗ್ಯಾಲರಿ ಇರಲಿಲ್ಲ. ಇಳಿಜಾರಿನಲ್ಲಿ ಐಸ್ ಪ್ಲಾಂಟ್ ಅನ್ನುವ ಹಸಿರು ಬೆಳೆದಿತ್ತು, ಅದರಾಚೆ ಓಕ್ಲೆಂಡ್ ಬೆಟ್ಟಗಳು. ಆಮೇಲೆ ಲಾಸ್ ಏಂಜಲೀಸ್‌ಗೆ ಹೋಗಿದ್ದ ರೇಡರ್ಸ್ ಫುಟ್‌ಬಾಲ್ ತಂಡವನ್ನು 1995ರಲ್ಲಿ ವಾಪಸ್ ಕರೆತಂದರು. ಅವರಿಗೋಸ್ಕರ ಆ ಜಾಗದಲ್ಲಿ ದೊಡ್ಡ ಗ್ಯಾಲರಿ ಎಬ್ಬಿಸಿದರು. ರೇಡರ್ಸ್ ಮಾಲೀಕ ಆಲ್ ಡೇವಿಸ್ ಹೆಸರಿನಲ್ಲಿ ಜನ ಅದನ್ನು "ಮೌಂಟ್ ಡೇವಿಸ್" ಅಂತ ಕರೆದರು. ನಿಜವಾದ ಬೆಟ್ಟ ಹೋಗಿ ಕಾಂಕ್ರೀಟ್ ಬೆಟ್ಟ ಬಂತು. ಬೇಸ್‌ಬಾಲ್‌ಗೆ ಅಷ್ಟು ಸೀಟು ಬೇಕಾಗಿಯೇ ಇರಲಿಲ್ಲ, ಮೇಲಿನ ಭಾಗಕ್ಕೆ ವರ್ಷಗಟ್ಟಲೆ ಟಾರ್ಪಾಲ್ ಹೊದಿಸಿಟ್ಟರು. ಆ ರೇಡರ್ಸ್ ಕೂಡ 2020ರಲ್ಲಿ ಲಾಸ್ ವೇಗಸ್‌ಗೆ ಹೋದರು. ಗೋಡೆ ಇಲ್ಲೇ ಉಳಿಯಿತು.

ಹಾಗಾಗಿ ನಿಮ್ಮ ತಂದೆ ಕೂತದ್ದು ಹೋಮ್ ಪ್ಲೇಟ್ ಹಿಂದೆ. ಒಳ್ಳೆಯ ಸೀಟು!

ನಾನು ಹುಟ್ಟಿದ್ದೇ ಇಲ್ಲಿ, ಆ ಬೆಟ್ಟದ ನೋಟ ನನಗೆ ಸಿಗಲಿಲ್ಲ. ನನ್ನದು ಬಲಗಡೆ ಗ್ಯಾಲರಿ. ಡ್ರಮ್, ಬಾವುಟ, ದೊಡ್ಡ ದೊಡ್ಡ ಬ್ಯಾನರ್. "ಲೆಟ್ಸ್ ಗೋ ಓಕ್ಲೆಂಡ್", ಆಮೇಲೆ ಡಂ ಡಂ ಡಂಡಂಡಂ. ಕಾಲೇಜಿನ ನಾಲ್ಕೂ ವರ್ಷ ಅಲ್ಲಿ ಡ್ರಮ್ ಬಡಿದಿದ್ದೇನೆ.

ಹಸಿರುಹಳದಿ

ತಂಗಿ ಸರಿಯಾಗಿ ಹೇಳಿದಳು. ಆ ಬೆಟ್ಟದ ನೋಟ ಕಂಡವರು ನಾವು. ಸಂಜೆ ಆಟದಲ್ಲಿ ನಾಲ್ಕನೇ ಇನಿಂಗ್ಸ್ ಹೊತ್ತಿಗೆ ಬೆಟ್ಟದ ಬಣ್ಣ ತಿರುಗುತ್ತಿತ್ತು. ಮೈದಾನ ಇರುವುದು ನೆಲಮಟ್ಟಕ್ಕಿಂತ ಕೆಳಗೆ. ಹೊರಗಿನಿಂದ ಕಟ್ಟಡ ಗಿಡ್ಡವಾಗಿ ಕಾಣುತ್ತಿತ್ತು. ಬಾಗಿಲು ದಾಟಿದರೆ ಕೆರೆಯ ಏರಿ ಮೇಲೆ ನಿಂತ ಹಾಗೆ, ಕೆಳಗೆ ಅಷ್ಟಗಲ ಹಸಿರು.

ನಾನು ಬರ್ಕ್ಲಿಗೆ ಓದಲು ಬಂದದ್ದು 1973ರಲ್ಲಿ. ಕೈಯಲ್ಲಿ ಕಾಸಿರಲಿಲ್ಲ, ಕ್ರಿಕೆಟ್ ಇಲ್ಲದೆ ಒದ್ದಾಡುತ್ತಿದ್ದೆ. ರೂಮಿನ ಹುಡುಗ ಒಂದು ಆಟಕ್ಕೆ ಎಳೆದುಕೊಂಡು ಹೋದ. ಚಿನ್ನದ ಬಣ್ಣ, ಹಸಿರು, ಬಿಳಿ ಶೂ, ಎಲ್ಲರಿಗೂ ದಪ್ಪ ಮೀಸೆ. ಆಗಿನ ಮಾಲೀಕ ಚಾರ್ಲಿ ಫಿನ್ಲಿ ಮೀಸೆ ಬಿಟ್ಟವರಿಗೆ 300 ಡಾಲರ್ ಕೊಟ್ಟಿದ್ದ. ರಾಲಿ ಫಿಂಗರ್ಸ್ ಮೀಸೆ ನೋಡಿದರೆ ನಮ್ಮ ಊರ ಪಟೇಲರು ನೆನಪಾಗುತ್ತಿದ್ದರು. ರೆಜಿ ಜಾಕ್ಸನ್, ಕ್ಯಾಟ್‌ಫಿಶ್ ಹಂಟರ್, ಜೋ ರೂಡಿ, ಸ್ಯಾಲ್ ಬ್ಯಾಂಡೊ. ಡ್ರೆಸಿಂಗ್ ರೂಮಿನಲ್ಲಿ ಹೊಡೆದಾಡಿಕೊಂಡರೂ ಮೈದಾನಕ್ಕೆ ಇಳಿದರೆ ಒಂದೇ ಮನೆಯವರ ಹಾಗೆ ಆಡುತ್ತಿದ್ದರು.

1972ರಲ್ಲಿ ಸಿನ್ಸಿನಾಟಿ, 1973ರಲ್ಲಿ ನ್ಯೂಯಾರ್ಕ್ ಮೆಟ್ಸ್, 1974ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್. ಇವರನ್ನು ಸೋಲಿಸಿ ಸತತ ಮೂರು ವರ್ಲ್ಡ್ ಸೀರೀಸ್, ಅಂದರೆ ವರ್ಷದ ಕೊನೆಯ ಫೈನಲ್ ಸರಣಿ, ಗೆದ್ದರು. ಯಾಂಕೀಸ್ ಬಿಟ್ಟರೆ ಬೇರೆ ಯಾವ ತಂಡವೂ ಇವತ್ತಿನವರೆಗೆ ಇದನ್ನು ಮಾಡಿಲ್ಲ. 73 ಮತ್ತು 74ರ ಕಪ್ ಗೆದ್ದದ್ದು ಇದೇ ಕೊಲಿಸಿಯಂ ನೆಲದಲ್ಲಿ.

1974 ನನಗೆ ಎರಡು ಸಲ ಬಂದ ಹಬ್ಬ. ಆ ವರ್ಷ ಊರಿನಿಂದ ಅಣ್ಣನ ಏರೋಗ್ರಾಮ್ ಪತ್ರ ಬಂತು. ಕರ್ನಾಟಕ ಮೊದಲ ಸಲ ರಣಜಿ ಗೆದ್ದಿತು, ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಪ್ರಸನ್ನ ಗಾವಸ್ಕರ್‌ನನ್ನು ಬೌಲ್ಡ್ ಮಾಡಿದ, ಬಾಂಬೆಯ 15 ವರ್ಷದ ಆಳ್ವಿಕೆ ಮುಗಿಯಿತು ಅಂತ ಸಣ್ಣ ಅಕ್ಷರದಲ್ಲಿ ಅಂಚಿನವರೆಗೂ ಬರೆದಿದ್ದ. ಅಕ್ಟೋಬರ್‌ನಲ್ಲಿ ಏಸ್ ಮೂರನೇ ಕಪ್ ಗೆದ್ದಾಗ ನಾನೂ ಅವನಿಗೆ ಅಷ್ಟೇ ಉದ್ದದ ಪತ್ರ ಬರೆದೆ.

ಕಿತ್ತಳೆ_ಕಪ್ಪು

ನಾನು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಕಡೆಯವನು, ಮೊದಲೇ ಹೇಳಿಬಿಡುತ್ತೇನೆ. ಜಗಳಕ್ಕೆ ಬಂದಿಲ್ಲ. ಏಸ್ ಹೋದದ್ದು ನನಗೂ ಬೇಸರ.

ಆದರೆ ಕಟ್ಟಡದ ಸ್ಥಿತಿಯನ್ನೂ ಹೇಳಬೇಕಲ್ವಾ? 2013ರಲ್ಲಿ ಚರಂಡಿ ನೀರು ಆಟಗಾರರ ಕೋಣೆಗೆ ನುಗ್ಗಿ, ಎರಡೂ ತಂಡದವರು ಮೇಲಿದ್ದ ಫುಟ್‌ಬಾಲ್ ತಂಡದ ಕೋಣೆಯಲ್ಲಿ ಸ್ನಾನ ಮಾಡಬೇಕಾಯ್ತು. ದೀಪ ಕೆಡುತ್ತಿತ್ತು. ಕಾಮೆಂಟರಿ ಕೋಣೆಯಲ್ಲಿ ಪಾಸಮ್ ಅನ್ನುವ ಕಾಡುಪ್ರಾಣಿ ಸೇರಿಕೊಂಡಿತ್ತು. ಕೊನೆಕೊನೆಗೆ ಕೆಲವು ದಿನ ಎರಡು ಸಾವಿರ ಜನ ಬಂದರೆ ಹೆಚ್ಚು. ಅಂಥ ಕಡೆ ಎಷ್ಟು ದಿನ ಆಡುತ್ತಾರೆ?

ಬಲಗಡೆ_ಗ್ಯಾಲರಿ

ಅಣ್ಣಾ, ಕಟ್ಟಡ ಹಾಳಾಗಿತ್ತು ನಿಜ. ನಾವು ಅದರೊಳಗೇ ಕೂರುತ್ತಿದ್ದವರು, ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ "ಜನ ಬರಲಿಲ್ಲ" ಅಂದಾಗ ಹೊಟ್ಟೆ ಉರಿಯುತ್ತದೆ.

ಒಳ್ಳೆಯ ಆಟಗಾರರನ್ನೆಲ್ಲ ಒಬ್ಬೊಬ್ಬರಾಗಿ ಬೇರೆ ತಂಡಕ್ಕೆ ಕೊಟ್ಟರು. ಟಿಕೆಟ್ ದರ ಏರಿಸಿದರು. 2023ರ ಏಪ್ರಿಲ್‌ನಲ್ಲಿ ವೇಗಸ್‌ನಲ್ಲಿ ಜಾಗ ನೋಡಿದ್ದೇವೆ ಅಂದರು. ಆ ವರ್ಷ 112 ಆಟ ಸೋತರು. ಆಗ ಜನ ಯಾಕೆ ಬರಬೇಕು ಹೇಳಿ?

ಆದರೂ ಬಂದೆವು. 2023ರ ಜೂನ್ 13, ಮಂಗಳವಾರ. ಅಭಿಮಾನಿಗಳೇ ಸೇರಿ ಕರೆ ಕೊಟ್ಟರು: ಬಹಿಷ್ಕಾರ ಬೇಡ, ಅದರ ಉಲ್ಟಾ ಮಾಡೋಣ, ಎಲ್ಲರೂ ಒಂದೇ ದಿನ ಹೋಗೋಣ. 27,759 ಜನ ಬಂದರು. ಎಲ್ಲರ ಮೈಮೇಲೆ "ಸೆಲ್", ಅಂದರೆ ಮಾರಿ, ಅಂತ ಬರೆದ ಹಸಿರು ಟೀ ಶರ್ಟ್. ಐದನೇ ಇನಿಂಗ್ಸ್ ಶುರುವಾದಾಗ ಮೊದಲ ಬ್ಯಾಟರ್ ಆಡಿ ಮುಗಿಸುವವರೆಗೆ ಇಡೀ ಸ್ಟೇಡಿಯಂ ಮೌನ. ಆಮೇಲೆ ಒಂದೇ ಸಲ ಕೂಗು: ತಂಡ ಮಾರಿ, ತಂಡ ಮಾರಿ. ಡ್ರಮ್ ಬಡಿಯುತ್ತಿದ್ದ ನನ್ನ ಕೈ ನಡುಗುತ್ತಿತ್ತು. ಎದುರಿಗಿದ್ದದ್ದು ಆಗ ಲೀಗಿನಲ್ಲೇ ಮುಂದಿದ್ದ ಟ್ಯಾಂಪಾ ಬೇ. 2-1ರಿಂದ ಗೆದ್ದೆವು, ಅದು ಸತತ ಏಳನೇ ಗೆಲುವು.

ನವೆಂಬರ್‌ನಲ್ಲಿ ಎಲ್ಲ 30 ತಂಡಗಳ ಮಾಲೀಕರೂ ವೇಗಸ್‌ಗೆ ಹೋಗಲು ಒಪ್ಪಿಗೆ ಕೊಟ್ಟರು. ವಿರೋಧವಾಗಿ ಒಂದೇ ಒಂದು ವೋಟು ಬೀಳಲಿಲ್ಲ.

ಹಸಿರುಹಳದಿ

ಜನರ ಮಾತು ಬಂದದ್ದರಿಂದ ಎರಡು ಲೆಕ್ಕ ಕೊಡುತ್ತೇನೆ. 1979ರಲ್ಲಿ ಇದೇ ಸ್ಟೇಡಿಯಂಗೆ ಇಡೀ ವರ್ಷ ಬಂದವರು ಸುಮಾರು 3 ಲಕ್ಷ. ಒಂದು ಏಪ್ರಿಲ್ ರಾತ್ರಿ 653 ಜನ ಮಾತ್ರ. 1990ರಲ್ಲಿ ಬಂದವರು 29 ಲಕ್ಷ. ಊರು ಅದೇ, ಕಟ್ಟಡ ಅದೇ, ಜನವೂ ಅವರೇ.

ನಡುವೆ ಆದದ್ದು ಇಷ್ಟು. 1980ರಲ್ಲಿ ಹಾಸ್ ಕುಟುಂಬ ತಂಡವನ್ನು ಕೊಂಡಿತು. ಜೀನ್ಸ್ ಮಾಡುವ ಲೀವೈಸ್ ಮನೆತನದವರು. ತಂಡವನ್ನು ಊರಿನ ಆಸ್ತಿ ಅಂತ ತಿಳಿದು ಖರ್ಚು ಮಾಡಿದರು. ರಿಕಿ, ಡೇವ್ ಸ್ಟೀವರ್ಟ್, ಕನ್ಸೆಕೊ, ಮ್ಯಾಕ್‌ಗ್ವೈರ್, ಎಕರ್ಸ್ಲಿ. ಸ್ಟೀವರ್ಟ್ ಕೂಡ ಓಕ್ಲೆಂಡ್‌ನಲ್ಲೇ ಹುಟ್ಟಿದವನು. ಪಿಚರ್ ಆಗಿ 1987ರಿಂದ 1990ರವರೆಗೆ ನಾಲ್ಕೂ ವರ್ಷ 20 ಆಟಕ್ಕೆ ಕಡಿಮೆ ಇಲ್ಲದಂತೆ ಗೆದ್ದ. 88, 89, 90 ಮೂರೂ ವರ್ಷ ವರ್ಲ್ಡ್ ಸೀರೀಸ್ ಆಡಿದರು. ಗೆದ್ದದ್ದು 89ರಲ್ಲಿ ಮಾತ್ರ, ಅದೂ ಕಿತ್ತಳೆ ಕಪ್ಪು ರಾಯರ ಜೈಂಟ್ಸ್ ವಿರುದ್ಧ, 4-0.

ಆ ಗೆಲುವಿಗೆ ಮೆರವಣಿಗೆಯ ಸಂಭ್ರಮ ಇರಲಿಲ್ಲ. ಅಕ್ಟೋಬರ್ 17ರ ಸಂಜೆ 5 ಗಂಟೆ 4 ನಿಮಿಷಕ್ಕೆ, ಮೂರನೇ ಆಟ ಶುರುವಾಗುವ ಸ್ವಲ್ಪ ಮೊದಲು ಭೂಕಂಪ ಆಯ್ತು. ಓಕ್ಲೆಂಡ್‌ನ ಎರಡಂತಸ್ತಿನ ಹೆದ್ದಾರಿ ಕುಸಿಯಿತು. ಹತ್ತು ದಿನ ಆಟ ನಿಂತಿತ್ತು. ಗೆದ್ದ ಮೇಲೆ ಆಟಗಾರರು ಶಾಂಪೇನ್ ಚಿಮ್ಮಿಸಲಿಲ್ಲ.

ಕಿತ್ತಳೆ_ಕಪ್ಪು

ಹೌದು ರಾಯರೇ. ಆ ಸರಣಿಯಲ್ಲಿ ನಮ್ಮ ಕಡೆ ಅರ್ಧ ಜೈಂಟ್ಸ್, ಅರ್ಧ ಏಸ್ ಇರುವ ಟೋಪಿ ಹಾಕಿಕೊಂಡಿದ್ದರು. ಹೆಂಡತಿ ಏಸ್, ಗಂಡ ಜೈಂಟ್ಸ್ ಇದ್ದ ಮನೆಗಳು ಬೇಕಾದಷ್ಟು. 1979 ಮತ್ತು 1990ರ ಲೆಕ್ಕ ನನಗೆ ಗೊತ್ತಿರಲಿಲ್ಲ. ನನ್ನ ಮಾತು ವಾಪಸ್ ತಗೊಳ್ತೀನಿ.

ಡಬ್ಲಿನ್_ಅಮ್ಮ

ನಾನು ಕಪ್‌ಗಳ ಕಾಲದವಳಲ್ಲ. ನನಗೆ ಕೊಲಿಸಿಯಂ ಅಂದರೆ ಕಡಿಮೆ ದುಡ್ಡಿನಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಬಹುದಾಗಿದ್ದ ಜಾಗ. ಬುಧವಾರ ಎರಡು ಡಾಲರ್ ಟಿಕೆಟ್. ಬಾರ್ಟ್ ರೈಲು ಇಳಿದು ಮೇಲ್ಸೇತುವೆ ದಾಟಿದರೆ ಬಾಗಿಲು. ಮನೆ ತಿಂಡಿ ಒಳಗೆ ಬಿಡುತ್ತಿದ್ದರು, ನಮ್ಮಂಥ ಸಸ್ಯಾಹಾರಿಗಳಿಗೆ ಅದು ದೊಡ್ಡ ಅನುಕೂಲ. ಚಿತ್ರಾನ್ನ, ಕೋಡುಬಳೆ, ಮಜ್ಜಿಗೆ. ಪಕ್ಕದ ಸೀಟಿನ ಅಜ್ಜಿಗೆ ಕೋಡುಬಳೆ ಕೊಟ್ಟರೆ ಅವರು ನನ್ನ ಮಗನಿಗೆ ಸ್ಕೋರ್ ಬರೆಯುವುದು ಕಲಿಸಿದರು. ಪಟಾಕಿ ರಾತ್ರಿಗಳಲ್ಲಿ ಆಟ ಮುಗಿದ ಮೇಲೆ ಜನರನ್ನು ಮೈದಾನಕ್ಕೇ ಬಿಡುತ್ತಿದ್ದರು. ರಿಕಿ ಓಡಾಡಿದ ಅದೇ ಹುಲ್ಲಿನ ಮೇಲೆ ನಮ್ಮ ಮಕ್ಕಳು ಅಂಗಾತ ಮಲಗಿ ಆಕಾಶ ನೋಡಿದ್ದಾರೆ.

2010ರ ಮೇ 9, ಅಮ್ಮಂದಿರ ದಿನ. ಡ್ಯಾಲಸ್ ಬ್ರೇಡನ್ ಪಿಚರ್. 27 ಬ್ಯಾಟರ್‌ಗಳು ಬಂದರು, 27 ಜನರೂ ಔಟ್. ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ. ಇದಕ್ಕೆ ಪರ್ಫೆಕ್ಟ್ ಗೇಮ್ ಅಂತಾರೆ. ಬ್ರೇಡನ್ ಹೈಸ್ಕೂಲಿನಲ್ಲಿದ್ದಾಗಲೇ ಅವನ ತಾಯಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು, ಆಮೇಲೆ ನೋಡಿಕೊಂಡದ್ದು ಅಜ್ಜಿ. ಆ ಅಜ್ಜಿ ಅವತ್ತು ಗ್ಯಾಲರಿಯಲ್ಲೇ ಇದ್ದರು. ಆಟ ಮುಗಿದ ಮೇಲೆ ಮೈದಾನದಲ್ಲಿ ಅಜ್ಜಿ ಮೊಮ್ಮಗ ತಬ್ಬಿಕೊಂಡದ್ದು ನೋಡಿ, ನಾನು ಮೂರನೇ ಸಾಲಿನಲ್ಲಿ ನಿಂತು ಅತ್ತಿದ್ದೇನೆ.

ಹಸಿರುಹಳದಿ

ಇದೇ ಮೈದಾನದಲ್ಲಿ ಇನ್ನೊಂದು ಪರ್ಫೆಕ್ಟ್ ಗೇಮ್ ಕೂಡ ಆಗಿದೆ ತಾಯಿ. 1968ರ ಮೇ 8, ಕ್ಯಾಟ್‌ಫಿಶ್ ಹಂಟರ್, ಮಿನೆಸೋಟ ವಿರುದ್ಧ. ತಂಡ ಓಕ್ಲೆಂಡ್‌ಗೆ ಬಂದು ಆಗ ಒಂದು ತಿಂಗಳೂ ಆಗಿರಲಿಲ್ಲ. ಎರಡೂ ಸಲ ಸ್ಕೋರ್ 4-0.

ಕೆಂಗೇರಿಯವ

ನನ್ನ ನೆನಪು ಒಂದು ಸೋಲಿನದು. 2012.

ಆ ವರ್ಷ ಯಾರಿಗೂ ಈ ತಂಡದ ಮೇಲೆ ನಂಬಿಕೆ ಇರಲಿಲ್ಲ. ಒಂದು ಹಂತದಲ್ಲಿ ಮೊದಲ ಸ್ಥಾನದಿಂದ 13 ಆಟ ಹಿಂದಿದ್ದರು. ಕೊನೆಯ ದಿನ ಟೆಕ್ಸಸ್ ತಂಡವನ್ನು 12-5ರಿಂದ ಸೋಲಿಸಿ ಡಿವಿಷನ್ ಗೆದ್ದರು. ಆಮೇಲೆ ಡೆಟ್ರಾಯ್ಟ್ ಜೊತೆ ಐದು ಆಟದ ಸರಣಿ. ಐದನೇ ಆಟ ಇಲ್ಲೇ. ವರ್ಲ್ಯಾಂಡರ್ ಎಸೆತಕ್ಕೆ ಒಂದು ರನ್ನೂ ಬರಲಿಲ್ಲ. 6-0.

ಕೊನೆಯ ಔಟ್ ಆಯ್ತು. ಎದುರಾಳಿಗಳು ಕುಣಿಯುತ್ತಿದ್ದಾರೆ. ನಮ್ಮ ಜನ ಯಾರೂ ಎದ್ದು ಹೋಗಲಿಲ್ಲ. ನಿಂತಲ್ಲೇ ನಿಂತು "ಲೆಟ್ಸ್ ಗೋ ಓಕ್ಲೆಂಡ್" ಅಂತ ಕೂಗಿದರು. ನಿಲ್ಲಿಸಲೇ ಇಲ್ಲ. ಒಳಗೆ ಹೋಗಬೇಕಿದ್ದ ಆಟಗಾರರು ಹೊರಗೆ ಬಂದು ಟೋಪಿ ತೆಗೆದು ನಿಂತರು. ಸೋತ ತಂಡಕ್ಕೆ ಅಂಥ ಮರ್ಯಾದೆ ನಾನು ಬೇರೆಲ್ಲೂ ನೋಡಿಲ್ಲ. ಅವತ್ತಿನಿಂದ ನಾನು ಈ ತಂಡದವನು.

ವಾರ್ಮ್‌ಸ್ಪ್ರಿಂಗ್ಸ್_ವಾಸಿ

ಮಲ್ಲಿಗೆ ಅವರೇ, ನೀವು ಫ್ರೀಮಾಂಟ್ ಅಂದಿರಿ. ಡೆನಿಸ್ ಎಕರ್ಸ್ಲಿ ಬೆಳೆದದ್ದು ನಮ್ಮ ಫ್ರೀಮಾಂಟ್‌ನಲ್ಲೇ, ಓದಿದ್ದು ಇಲ್ಲಿನ ವಾಷಿಂಗ್ಟನ್ ಹೈಸ್ಕೂಲ್. 1992ರಲ್ಲಿ ಅತ್ಯುತ್ತಮ ಪಿಚರ್ ಮತ್ತು ಅತ್ಯುತ್ತಮ ಆಟಗಾರ, ಎರಡೂ ಪ್ರಶಸ್ತಿ ಅವನಿಗೇ. 2006ರಲ್ಲಿ ತಂಡಕ್ಕೆ ಫ್ರೀಮಾಂಟ್‌ನಲ್ಲೇ ಹೊಸ ಸ್ಟೇಡಿಯಂ ಕಟ್ಟುವ ಯೋಜನೆ ಬಂತು. 2009ರಲ್ಲಿ ಕೈಬಿಟ್ಟರು. ಬಂದಿದ್ದರೆ ನಾವೆಲ್ಲ ಸೈಕಲ್‌ನಲ್ಲಿ ಹೋಗಬಹುದಿತ್ತು.

ಕೆಂಗೇರಿಯವ

20 ಆಟದ ಸರಮಾಲೆ ಯಾರೂ ಹೇಳಲಿಲ್ಲವಲ್ಲ! 2002ರ ಸೆಪ್ಟೆಂಬರ್ 4. ಸತತ 19 ಗೆದ್ದಾಗಿತ್ತು. ಕ್ಯಾನ್ಸಸ್ ಸಿಟಿ ವಿರುದ್ಧ 11-0 ಮುಂದಿದ್ದರು. ಒಂಬತ್ತನೇ ಇನಿಂಗ್ಸ್ ಹೊತ್ತಿಗೆ 11-11. ಆಗ ಬದಲಿ ಬ್ಯಾಟರ್ ಆಗಿ ಬಂದ ಸ್ಕಾಟ್ ಹ್ಯಾಟ್‌ಬರ್ಗ್ ಹೋಮ್ ರನ್ ಹೊಡೆದ. 12-11. ನಾನಾಗ ಇನ್ನೂ ಬೆಂಗಳೂರಲ್ಲಿದ್ದೆ, ಆಮೇಲೆ ಎಷ್ಟು ಸಲ ವಿಡಿಯೊ ನೋಡಿದ್ದೇನೋ ಲೆಕ್ಕವಿಲ್ಲ. ಅವತ್ತು ಬಂದಿದ್ದವರು 55,528 ಜನ.

ಸ್ಯಾಕ್ರಮೆಂಟೊ_ಸೀನ

ನಾನು ಸ್ಯಾಕ್ರಮೆಂಟೊದಲ್ಲಿದ್ದೇನೆ. 2025ರಿಂದ ತಂಡ ನಮ್ಮೂರಿನ ಚಿಕ್ಕ ಮೈದಾನದಲ್ಲಿ ಆಡುತ್ತಿದೆ. ವೇಗಸ್‌ನಲ್ಲಿ ಹೊಸ ಸ್ಟೇಡಿಯಂ 2028ಕ್ಕೆ, ಅಲ್ಲಿಯವರೆಗೆ ಇಲ್ಲಿ. ಹೆಸರಿನಲ್ಲಿ ಯಾವ ಊರೂ ಇಲ್ಲ, ಬರೀ ಅಥ್ಲೆಟಿಕ್ಸ್. ಮಗಳ ಜೊತೆ ಒಂದು ಸಲ ಹೋದೆ. ಹುಡುಗರು ಚೆನ್ನಾಗಿ ಆಡುತ್ತಾರೆ, ಅವರದ್ದೇನೂ ತಪ್ಪಿಲ್ಲ. ಆದರೆ ಡ್ರಮ್ ಇರಲಿಲ್ಲ. ಮಗಳು, "ಅಪ್ಪಾ, ನಾವು ಯಾವ ಊರಿನ ಹೆಸರು ಕೂಗಬೇಕು?" ಅಂತ ಕೇಳಿದಳು. ಏನು ಹೇಳಬೇಕೋ ತಿಳಿಯಲಿಲ್ಲ.

ಬಲಗಡೆ_ಗ್ಯಾಲರಿ

ಸೀನಣ್ಣ, ನಿಮ್ಮ ಮಗಳ ಮಾತಿಗೆ ನನ್ನ ಹತ್ತಿರವೂ ಉತ್ತರ ಇಲ್ಲ.

ಕೊನೆಯ ಆಟಕ್ಕೆ ನಾನು ಹೋಗಿದ್ದೆ. 2024ರ ಸೆಪ್ಟೆಂಬರ್ 26, ಗುರುವಾರ ಮಧ್ಯಾಹ್ನ. 46,889 ಜನ. ಮೊದಲ ಚೆಂಡು ಎಸೆಯಲು ರಿಕಿ ಮತ್ತು ಡೇವ್ ಸ್ಟೀವರ್ಟ್ ಬಂದರು, ಊರಿನ ಇಬ್ಬರು ಮಕ್ಕಳು. ಅವತ್ತು ರಿಕಿಯನ್ನು ನೋಡಿದ್ದೇ ನಾನು ಕೊನೆಯ ಸಲ ನೋಡಿದ್ದು ಅಂತ ಆಗ ಗೊತ್ತಿರಲಿಲ್ಲ. ಟೆಕ್ಸಸ್ ವಿರುದ್ಧ 3-2ರಿಂದ ಗೆದ್ದೆವು. ಮ್ಯಾನೇಜರ್ ಮಾರ್ಕ್ ಕಾಟ್ಸೆ ಮೈಕ್ ಹಿಡಿದು ನಮಗೆಲ್ಲ ಧನ್ಯವಾದ ಹೇಳಿದರು. ಕೊನೆಗೆ ಅವರೇ "ಲೆಟ್ಸ್ ಗೋ ಓಕ್ಲೆಂಡ್" ಶುರು ಮಾಡಿಸಿದರು. ಅವರೂ ಹಿಂದೆ ಇಲ್ಲೇ ಆಡಿದವರು.

ಗಂಟೆಗಟ್ಟಲೆ ಜನ ಹೊರಡಲಿಲ್ಲ. ಮೈದಾನದ ಕೆಂಪು ಮಣ್ಣನ್ನು ಲೋಟದಲ್ಲಿ, ಕವರಿನಲ್ಲಿ ತುಂಬಿಕೊಂಡು ಹೋದರು. ನನಗೂ ಒಂದು ಹಿಡಿ ಸಿಕ್ಕಿತು. ಮನೆಗೆ ತಂದು ಟೇಬಲ್ ಮೇಲೆ ಇಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಅಮ್ಮ ಅದನ್ನು ಹಳೆಯ ಕುಂಕುಮದ ಭರಣಿಗೆ ಹಾಕಿ ಮುಚ್ಚಳ ಮುಚ್ಚಿಟ್ಟಿದ್ದರು. ಏನೂ ಮಾತಾಡಲಿಲ್ಲ.

ಮಲ್ಲಿಗೆ_ಫ್ರೀಮಾಂಟ್

ಒಂದು ಪ್ರಶ್ನೆ ಕೇಳಿದವಳಿಗೆ ನೀವೆಲ್ಲ ಇಷ್ಟು ಕೊಟ್ಟಿರಿ. ಎರಡು ದಿನದಿಂದ ಅಮ್ಮನಿಗೆ ಇದನ್ನೇ ಓದಿ ಹೇಳುತ್ತಿದ್ದೇನೆ. ಈಗ ಒಳಗೆ ಹೋಗಲು ಬಿಡುತ್ತಾರಾ?

ವಾರ್ಮ್‌ಸ್ಪ್ರಿಂಗ್ಸ್_ವಾಸಿ

2025ರಲ್ಲಿ ಓಕ್ಲೆಂಡ್ ರೂಟ್ಸ್ ಅನ್ನುವ ಸಾಕರ್ ತಂಡ ಅಲ್ಲಿ ಆಡುತ್ತಿದೆ. ಅವರ ಆಟದ ಟಿಕೆಟ್ ತಗೊಂಡರೆ ಒಳಗೆ ಹೋಗಬಹುದು. ಬೇಸ್‌ಬಾಲೇ ನೋಡಬೇಕು ಅಂದರೆ ಪಶ್ಚಿಮ ಓಕ್ಲೆಂಡ್‌ನ ರೈಮಂಡಿ ಪಾರ್ಕ್‌ಗೆ ಹೋಗಿ. ಏಸ್ ಹೊರಡುತ್ತಾರೆ ಅಂತ ಆದಾಗ ಊರಿನವರು ಕಟ್ಟಿದ ತಂಡ, ಓಕ್ಲೆಂಡ್ ಬಾಲರ್ಸ್. ಎರಡನೇ ವರ್ಷಕ್ಕೇ ಪಯನಿಯರ್ ಲೀಗ್ ಗೆದ್ದರು. ಡ್ರಮ್ಮಿನವರೂ ಅಲ್ಲೇ ಇರುತ್ತಾರೆ.

ಮಲ್ಲಿಗೆ_ಫ್ರೀಮಾಂಟ್

ಶನಿವಾರ ಹೋಗಿ ಬಂದೆವು. ರೂಟ್ಸ್ ಆಟಕ್ಕೆ.

ನೀವು ಹೇಳಿದ ಹಾಗೆ ಬಾರ್ಟ್‌ನಲ್ಲೇ ಹೋದೆವು. ಒಳಗೆ ಅಮ್ಮ ಮೆಟ್ಟಿಲ ತುದಿಯಲ್ಲಿ ನಿಂತು ಕೆಳಗೆ ನೋಡಿ, "ಅಬ್ಬಾ, ಎಷ್ಟು ಆಳ" ಅಂದರು. ಹೋಮ್ ಪ್ಲೇಟ್ ಇದ್ದ ಕಡೆ ಹೋಗಿ ಕೂತೆವು. ಎದುರಿಗೆ ಆ ಗೋಡೆಯೇ. ಬೆಟ್ಟ ಕಾಣಲಿಲ್ಲ. ಅಮ್ಮ ಡೈರಿ ತಂದಿದ್ದರು, ತೊಡೆಯ ಮೇಲೆ ಇಟ್ಟುಕೊಂಡು ಆಟ ಮುಗಿಯುವವರೆಗೂ ಕೂತಿದ್ದರು.

ವಾಪಸ್ ಬರುವಾಗ ಬಾರ್ಟ್ ಪ್ಲಾಟ್‌ಫಾರ್ಮ್ ಮೇಲೆ ನಿಂತಿದ್ದೆವು. ಅದು ಎತ್ತರದಲ್ಲಿದೆಯಲ್ಲ, ಅಲ್ಲಿಂದ ಬೆಟ್ಟ ಪೂರ್ತಿ ಕಾಣಿಸಿತು. ಅಮ್ಮ ತುಂಬ ಹೊತ್ತು ನೋಡಿದರು. "ಚಾಮುಂಡಿ ಬೆಟ್ಟಕ್ಕಿಂತ ಉದ್ದ ಇದೆ, ಅವರಿಗೆ ಹಾಗೆ ಕಂಡಿದೆ" ಅಂದರು. ಒಂದು ರೈಲು ಬಿಟ್ಟು ಮುಂದಿನದಕ್ಕೆ ಹತ್ತಿದೆವು.

ಒಂದು ಕೇಳಬೇಕಿತ್ತು. ನಾವು ಕೂತ ಜಾಗದಿಂದ ಮೂರನೇ ಬೇಸ್ ಯಾವ ಕಡೆ ಇತ್ತು?

ಹಸಿರುಹಳದಿ

ನಿಮ್ಮ ಎಡಗಡೆಗೆ ತಾಯಿ. ಹೋಮ್ ಪ್ಲೇಟ್‌ನಿಂದ 90 ಅಡಿ.